ಕೆಂಡ ಬರುವ ಮೊದಲೇ ಹೊತ್ತಿದ ಒಲೆ

ಸಿಂಧನೂರಿನ ನಮ್ಮ ಮನೆಗೆ ಆಗಾಗ ಇಬ್ಬರು ಮೂವರು ಹುಡುಗಿಯರು ಬರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು. ಮಾಳಿಗೆಗೆ ಬಿಳಿ ಬಣ್ಣ ಬಳಿದರೆ ಮನೆ ಹೇಗೆ ತಂಪಾಗುತ್ತದೆ, ಬಚ್ಚಲ ನೀರಿನಲ್ಲಿ ಏನೇನು ಬೆಳೆಯಬಹುದು, ಸೋಲಾರ್ ಹಾಕಿಸಿಕೊಂಡರೆ ಏನು ಲಾಭ ಎಂದು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಿಳಿಹೇಳುವುದು ಅವರ ಕೆಲಸ. ಬಿಸಿಲಲ್ಲಿ ತಿರುಗಿ ಮುಖ ಕಂದಿರುತ್ತದೆ. ಮಜ್ಜಿಗೆ ಕುಡಿದು ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು.

"ಅಕ್ಕಾರ, ಜನಾ ನಮ್ಮ ಮಾತ ಕೇಳವಲ್ರು. ನೀವು ಹೆಂಗ ಒಪ್ಪಿಸ್ತಿದ್ರಿ?"

ಒಪ್ಪಿಸುವುದು ಅಷ್ಟು ದೊಡ್ಡ ಕೆಲಸವಲ್ಲ ಎಂದು ನಾನು ಹೇಳುತ್ತೇನೆ. ಅವರಿಗೆ ನಂಬಿಕೆ ಬರುವುದಿಲ್ಲ. ಒಪ್ಪಿದ ಮೇಲೆ ಆ ಮನೆಯಲ್ಲಿ ಏನಾಯಿತು ಅನ್ನುವುದು ದೊಡ್ಡ ವಿಷಯ. ಅದನ್ನು ಹೇಳಿ ಮುಗಿಸುವಷ್ಟು ಹೊತ್ತು ಅವರು ಕೂರುವುದಿಲ್ಲ, ಬಸ್ಸು ಹಿಡಿಯಬೇಕಾಗಿರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಶಾಲು, ಹಾರಗಳ ಸುದ್ದಿ ಇಲ್ಲಿ ಇರುವುದಿಲ್ಲ. ಸಿಕ್ಕಿದ್ದೂ ಅಷ್ಟರಲ್ಲೇ ಇದೆ, ಬಿಡಿ.

ಕಾಗದದ ಮೇಲೆ ನನ್ನ ಹುದ್ದೆಯ ಹೆಸರು ಉದ್ದವಾಗಿತ್ತು. ಹೊಗೆ ಕಡಿಮೆ ಮಾಡುವುದು, ಕಟ್ಟಿಗೆ ಉಳಿಸುವುದು, ಅಂಗಳ ಚೊಕ್ಕಟ ಇಡುವುದು, ಎಲ್ಲವೂ ಅದರಲ್ಲಿ ಸೇರಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತಿನ ಹೆಣ್ಣುಮಕ್ಕಳು ಅದನ್ನೆಲ್ಲ ಬದಿಗಿಟ್ಟು ನನಗೆ 'ಒಲಿ ಅಕ್ಕ' ಎಂದು ಹೆಸರಿಟ್ಟರು. ನಾನು ಬಸ್ಸಿಳಿದರೆ ಮಕ್ಕಳು ಓಡಿ ಹೋಗಿ, "ಯವ್ವಾ, ಒಲಿ ಅಕ್ಕ ಬಂದಾಳ!" ಎಂದು ಸುದ್ದಿ ಮುಟ್ಟಿಸುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಓದಿದವಳು, ನೌಕರಿ ಮಾಡುವವಳು, ಒಲಿ ಅಕ್ಕ ಅಂದರೆ ಹೇಗೆ? ಆಮೇಲೆ ಅದೇ ಹೆಸರಿನಿಂದ ಎಷ್ಟೋ ಮನೆಗಳ ಅಡಿಗೆಮನೆ ತನಕ ಹೋಗಲು ದಾರಿಯಾಯಿತು.

ತರಬೇತಿಯಲ್ಲಿ ಒಲೆ ಹಾಕುವುದನ್ನು ನಮಗೆ ಚೆನ್ನಾಗಿಯೇ ಕಲಿಸಿದ್ದರು. ಮಣ್ಣು, ಸಗಣಿ, ನೆಲ್ಲಿನ ಹೊಟ್ಟು ಕಲಸಿ ತುಳಿಯಬೇಕು. ಬಾಯಿ ಸಣ್ಣದಿರಬೇಕು, ಹಿಂದೆ ಎರಡನೆಯ ಪಾತ್ರೆಗೆ ಜಾಗ ಇರಬೇಕು, ಅದರ ಹಿಂದೆ ಹೊಗೆ ಹೋಗುವ ಪೈಪು. ಸಿಂಧನೂರಿನ ಅಕ್ಕಿ ಗಿರಣಿಯಿಂದ ಹೊಟ್ಟನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಚೀಲ ತೂತಾಗಿ, ಕೂತವರ ತಲೆ ಮೇಲೆಲ್ಲ ಹೊಟ್ಟು ಉದುರಿ, ಕಂಡಕ್ಟರ್ ನನ್ನನ್ನು ಊರ ಮುಂದೆ ಇಳಿಸುವ ಬದಲು ಊರ ಹೊರಗೇ ಇಳಿಸಿದ್ದೂ ಉಂಟು.

ಮೊದಲ ಒಲೆಗಳನ್ನು ಎರೆ ಮಣ್ಣಿನಲ್ಲಿ ಹಾಕಿದೆ. ಸಿಂಧನೂರು ಸುತ್ತ ಸಿಗುವುದೇ ಅದು. ಒಣಗುತ್ತಲೇ ಬಿರುಕು ಬಿಟ್ಟು, ಪೈಪಿಗೆ ಹೋಗಬೇಕಾದ ಹೊಗೆ ಬಿರುಕಿನಲ್ಲೆಲ್ಲ ಹೊರಬಂತು. ಆಮೇಲೆ ಮಸ್ಕಿ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣು ತರಿಸಿದೆ. ಮಣ್ಣು ಸರಿಯಾಯಿತು, ರೊಟ್ಟಿ ತಪ್ಪಿತು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಕೊನೆಗೆ ಒಲೆಯ ಬಾಯಿಗೆ ಆನಿಸಿ ಉರಿಗೆ ಹಿಡಿದರೇನೇ ಉಬ್ಬುವುದು. ನನ್ನ ಒಲೆಯ ಬಾಯಿ ಸಣ್ಣದು, ಉರಿ ಹಿಂದಕ್ಕೆ ಓಡುತ್ತಿತ್ತು. ರೊಟ್ಟಿ ಉಬ್ಬದೆ ಚಪ್ಪಟೆಯಾಗಿ, ಗಂಡಸರು ಗಂಗಾಳ ತಳ್ಳಿ ಎದ್ದರು. ಬಳಗಾನೂರಿನ ಒಬ್ಬ ಹೆಣ್ಣುಮಗಳು ನನ್ನೆದುರಿಗೇ ಹಾರೆ ತಂದು ಒಲೆಯ ಬಾಯಿ ಅಗಲ ಮಾಡಿದಳು.

"ಹೊಗಿ ಹೋದ್ರ ಹೋಗ್ಲಿ, ಬಂದ್ರ ಬರ್ಲಿ. ರೊಟ್ಟಿ ಉಬ್ಬಲಿಲ್ಲಂದ್ರ ನನ್ನ ಗಂಡನ ಮಾರಿ ಉಬ್ತೈತಿ, ಅದನ್ಯಾರು ನೋಡಬೇಕ್ರಿ ಅಕ್ಕಾರ?" ಎಂದಳು.

ನಾನು ನಕ್ಕೆ. ಮುಂದಿನ ಒಲೆಗಳಿಗೆ ಬಾಯಿ ಸ್ವಲ್ಪ ದೊಡ್ಡದು ಬಿಟ್ಟೆ. ತರಬೇತಿ ಕೊಟ್ಟವರು ನೋಡಿದ್ದರೆ ಬೈಯುತ್ತಿದ್ದರು. ಅವರು ಜೋಳದ ರೊಟ್ಟಿ ತಿನ್ನುವ ಕಡೆಯವರಲ್ಲ.

ನಮ್ಮ ಮೇಲಿನ ಸಾಹೇಬರೂ ದಕ್ಷಿಣದ ಕಡೆಯವರು. ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಕೆಳಗಿನವರನ್ನೂ ಕೂರಿಸಿಯೇ ಮಾತಾಡಿಸುತ್ತಿದ್ದರು. ಊರಲ್ಲಿ ಯಾರೇ ರೊಟ್ಟಿ ಕೊಟ್ಟರೂ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಾ ತಿಂದು ಮುಗಿಸುತ್ತಿದ್ದರು. ಆದರೆ ಅವರಿಗೆ ಅವಸರ. ಒಂದು ಊರಲ್ಲಿ ಒಂದು ಕೆಲಸ ಸರಿಹೋದರೆ ಮರುವಾರವೇ ಎಲ್ಲ ಊರಲ್ಲೂ ಆಗಬೇಕು. ಆದದ್ದರ ಮುಂದೆ ಯಾರಾದರೂ ನಿಂತು ಫೋಟೋ ತೆಗೆಸಿಕೊಳ್ಳಬೇಕು.

ಲಿಂಗಸುಗೂರು ಕಡೆಯ ಮೇಲ್ನಾಡಿನ ಊರುಗಳಲ್ಲಿ ನಾವು ಅಂಗಳದಲ್ಲಿ ಇಂಗುಗುಂಡಿ ತೋಡಿಸಿದ್ದೆವು. ಬಚ್ಚಲ ನೀರು, ಮಾಳಿಗೆಯ ಮಳೆ ನೀರು ಅದರಲ್ಲಿ ಇಂಗಿ, ಓಣಿಯ ಕೆಸರು ಕಡಿಮೆಯಾಗಿ, ಗುಂಡಿಯ ಪಕ್ಕದ ನುಗ್ಗೆ ಗಿಡ ಚೆನ್ನಾಗಿ ಎದ್ದಿತ್ತು. ಸಾಹೇಬರಿಗೆ ಅದು ಬಹಳ ಹಿಡಿಸಿತು. ಅದನ್ನೇ ವಳಕಮದಿನ್ನಿಯಲ್ಲೂ ಮಾಡಿ ಎಂದರು. ಅದು ಕಾಲುವೆ ನೀರಿನ ಊರು, ಸುತ್ತ ನೆಲ್ಲಿನ ಗದ್ದೆ, ಅಲ್ಲಿ ನೆಲದ ಕೆಳಗೇ ನೀರಿದೆ ಎಂದು ನಾವು ಹೇಳಿದೆವು. ಬೇಸಿಗೆಯಲ್ಲಿ ಅವರು ಬಂದು ನೋಡಿದಾಗ ನೆಲ ಒಣಗಿ ಬಿರಿದಿತ್ತು. "ಎಲ್ಲಿದೆ ನೀರು? ತೋರಿಸಿ" ಎಂದರು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಗುಂಡಿ ತೋಡಿಸಿದೆವು.

ಕಾಲುವೆಗೆ ನೀರು ಬಿಟ್ಟರು, ಗದ್ದೆ ತುಂಬಿದವು. ಗುಂಡಿಗಳು ಕೆಳಗಿನಿಂದ ತುಂಬತೊಡಗಿದವು. ಬಚ್ಚಲ ನೀರು ಒಳಗೆ ಹೋಗುವ ಬದಲು ಗುಂಡಿಯ ನೀರೇ ಬಚ್ಚಲಿಗೆ ಬಂತು. ಕಪ್ಪೆಗಳು ಮನೆಯೊಳಗೆ ಕುಣಿದವು. ಊರಿನವರು ಕಚೇರಿಗೆ ಬಂದು ಗಲಾಟೆ ಮಾಡಿದಾಗ ಸಾಹೇಬರು, "ನೀವೇ ಹೋಗಿ ಸಮಾಧಾನ ಮಾಡಿ, ನಿಮ್ಮ ಮಾತು ಕೇಳ್ತಾರೆ" ಎಂದು ನನ್ನನ್ನು ಕಳಿಸಿದರು. ಹೋದೆ. ಒಬ್ಬ ಮುದುಕಿ ಕೊಡದಲ್ಲಿ ಗುಂಡಿಯ ನೀರು ಮೊಗೆದು ಎಮ್ಮೆ ಮೈ ತೊಳೆಯುತ್ತಿದ್ದಳು.

"ಬಾರವ್ವ ಒಲಿ ಅಕ್ಕ. ನೀ ತೋಡ್ಸಿದ್ದು ಇಂಗುಗುಂಡಿನೋ, ಬಾವಿನೋ? ಬಾವಿ ಆದ್ರ ಗಂಗಮ್ಮಗ ಒಂದು ಕಾಯರ ಒಡಿಯೋನು" ಎಂದು ಎಲ್ಲರೆದುರು ಕೇಳಿದಳು. ಊರೆಲ್ಲ ನಕ್ಕಿತು. ನಾನೂ ನಗುತ್ತಾ ಗುಂಡಿ ಮುಚ್ಚಿಸುವ ಕೆಲಸಕ್ಕೆ ನಿಂತೆ, ಅಲ್ಲೇ ಕೆಲವು ದಿನ ಉಳಿಯಬೇಕಾಯಿತು.

ಅದೇ ದಿನಗಳಲ್ಲಿ, ನಾನು ವಳಕಮದಿನ್ನಿಯಲ್ಲಿ ಕಪ್ಪೆ ಓಡಿಸುತ್ತಿರುವಾಗ, ಮಸ್ಕಿ ಹತ್ತಿರದ ಒಂದು ಊರಿನಲ್ಲಿ ಶಿವಮ್ಮನ ಒಲೆ ಹೊತ್ತಿತು. ವಳಕಮದಿನ್ನಿಯ ಕಥೆ ಹೇಳುವಾಗ ಈಗಲೂ ಎಲ್ಲರೂ ನಗುತ್ತಾರೆ. ನನಗೆ ಅರ್ಧಕ್ಕೇ ನಗು ನಿಂತುಬಿಡುತ್ತದೆ.

ಶಿವಮ್ಮ ಹನುಮವ್ವನ ಕಿರಿಯ ಸೊಸೆ. ಹನುಮವ್ವನಿಗೆ ಗಂಡ ಇರಲಿಲ್ಲ, ಇಬ್ಬರು ಗಂಡುಮಕ್ಕಳು. ಹಿರಿಯವನು ಬಸಪ್ಪ, ಅವನ ಹೆಂಡತಿ ಈರಮ್ಮ. ಕಿರಿಯವನು ಮಲ್ಲಪ್ಪ, ಅವನ ಹೆಂಡತಿ ಶಿವಮ್ಮ. ಎಲ್ಲರೂ ಒಂದೇ ಮನೆಯಲ್ಲಿ ಕೂಡಿ ಇದ್ದರು. ಈರಮ್ಮ ಗಟ್ಟಿ ಆಳು, ಹೊಲದ ಕೆಲಸ ಅವಳದು. ಶಿವಮ್ಮನಿಗೆ ದಮ್ಮು, ಬಿಸಿಲು ಧೂಳು ಆಗದು ಎಂದು ಅಡಿಗೆ ಅವಳಿಗೆ ಬಿಟ್ಟಿದ್ದರು. ಪಾಪ, ಒಳ್ಳೆಯದಕ್ಕೇ ಬಿಟ್ಟಿದ್ದು. ಆದರೆ ಆ ಅಡಿಗೆಮನೆ ನಡುಮನೆಯ ಹಿಂದೆ, ಎರಡೂ ಪಕ್ಕ ನೆರೆಯವರ ಗೋಡೆ, ಕಿಟಕಿ ಇಲ್ಲ. ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಮಳೆಗಾಲದಲ್ಲಿ ಸಗಣಿಯ ಹಸಿ ಕುಳ್ಳು. ನಾನು ಮೊದಲ ಸಲ ಒಳಗೆ ಹೋದಾಗ ಶಿವಮ್ಮ ಕಾಣಲಿಲ್ಲ, ಅವಳ ಕೆಮ್ಮು ಮಾತ್ರ ಕೇಳಿಸಿತು.

ಒಲೆ ಬದಲಿಸೋಣ, ಮಾಳಿಗೆಯಿಂದ ಪೈಪು ಹೊರಗೆ ಬಿಡೋಣ ಎಂದೆ. ಹನುಮವ್ವ ಒಪ್ಪಲಿಲ್ಲ.

"ಮಣ್ಣಿನ ಮಾಳಗಿಗೆ ಒಮ್ಮೆ ತೂತು ಬಿತ್ತಂದ್ರ ಮುಗೀತು ತಂಗಿ. ಪೈಪಿನ ಸುತ್ತ ನೀರು ಇಳಿತೈತಿ, ಜಂತಿ ಕೊಳಿತಾವ. ನನ್ನ ಗಂಡ ವರ್ಷಾ ವರ್ಷಾ ಮಣ್ಣು ಹೊತ್ತು ಹಾಕಿ ಉಳಿಸಿದ ಮಾಳಗಿ ಇದು. ಅದನ್ನ ಒಡಿಯಾಕ ನಾ ಹೂಂ ಅನ್ನಂಗಿಲ್ಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಥ ಸೋರುವ ಮಾಳಿಗೆಗಳನ್ನು ನಾನೂ ನೋಡಿದ್ದೆ. ಹಾಗಾದರೆ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಹಾಕೋಣ, ಮೇಲೊಂದು ಛಪ್ಪರ ಮಾಡೋಣ, ಗಾಳಿ ಬೆಳಕು ಎರಡೂ ಇವೆ, ಅಡಿಗೆಯೆಲ್ಲ ಅಲ್ಲೇ ಆಗಲಿ ಎಂದೆ. ಮುದುಕಿ ಸಂಚಿ ಬಿಚ್ಚಿದಳು. ಎಲೆ ಅಡಿಕೆ ಹಾಕಿಕೊಂಡಳು. ಕೊನೆಗೆ ಶಿವಮ್ಮನ ಕಡೆ ನೋಡಿದಳು.

"ಹಾಕ್ರಿ. ನನ್ನ ಸೊಸಿ ಉಸುರರ ಆಡ್ಲಿ. ಆದ್ರ ನನ್ನದೊಂದು ಮಾತೈತಿ. ಒಲಿ ಹಚ್ಚೂ ದಿನ ನಾ ಇರಬೇಕು. ಒಳಗಿನ ಒಲಿಯಿಂದ ಕೆಂಡ ನಾ ತರ್ತೀನಿ. ಅದರಾಗ ಹೊಸ ಒಲಿ ಹಚ್ಚಬೇಕು, ಹಚ್ಚಿದ ಕೂಡ್ಲೇ ಒಳಗಿನ ಒಲಿ ನಾನ ಒಡೀತೀನಿ. ನನ್ನ ಮನಿಯಾಗ ಒಂದಿನಾನೂ ಎರಡು ಒಲಿ ಉರಿಬಾರ್ದು."

ಈಗಿನ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ, ಪಾಲಾದರು ಎಂದು ಯಾರೂ ಹೇಳುವುದಿಲ್ಲ. ಒಲೆ ಬೇರೆಯಾಯಿತು ಎನ್ನುತ್ತಾರೆ. ಒಂದು ಮನೆಯಲ್ಲಿ ಎರಡನೆಯ ಒಲೆ ಉರಿದರೆ, ಹೊಲಕ್ಕೆ ಗೆರೆ ಎಳೆಯುವುದಕ್ಕೂ ಮೊದಲೇ ಆ ಮನೆ ಎರಡಾದಂತೆ. ಹನುಮವ್ವನ ಮನೆಯಲ್ಲಿ ಆ ಭಯಕ್ಕೆ ಕಾರಣವೂ ಇತ್ತು. ಬಸಪ್ಪನಿಗೆ ಬಳಗಾನೂರು ಕಡೆ ಹೋಗಿ ಬೇರೆಯವರ ಕಾಲುವೆ ನೀರಿನ ಹೊಲ ಪಾಲಿಗೆ ಮಾಡುವ ಆಸೆ. ಮಲ್ಲಪ್ಪನಿಗೆ ಇದ್ದ ಒಣ ಹೊಲ ಬಿಡಲು ಮನಸ್ಸಿಲ್ಲ. ಇಬ್ಬರನ್ನೂ ಆ ಮುದುಕಿಯೇ ಹಿಡಿದಿಟ್ಟಿದ್ದಳು.

ನಾನೇ ಕೂತು ಒಲೆ ಹಾಕಿದೆ. ಬಾಯಿ ಅಗಲ ಬಿಟ್ಟು, ರೊಟ್ಟಿ ಉಬ್ಬುವಂತೆ. ಶಿವಮ್ಮ ಮಣ್ಣು ತುಳಿದಳು, ಈರಮ್ಮ ಹೊಲದಿಂದ ಬಂದವಳೇ ನೀರು ಹೊತ್ತು ಹಾಕಿದಳು. ನೆಗೆಣ್ಣಿಯರಿಬ್ಬರೂ ನನ್ನ ಬೆನ್ನ ಹಿಂದೆ ಏನೋ ಹೇಳಿಕೊಂಡು ನಗುತ್ತಿದ್ದರು. ಒಲೆ ಒಣಗುವಷ್ಟರಲ್ಲಿ ಹನುಮವ್ವನಿಗೆ ಲಿಂಗಸುಗೂರಿಗೆ ಕೊಟ್ಟಿದ್ದ ಮಗಳ ಮನೆಯಿಂದ ಕರೆ ಬಂತು, ಅವಳ ಹೆರಿಗೆ. "ನಾ ಬರೂತನಕ ಹಚ್ಚಬ್ಯಾಡ್ರಿ" ಎಂದು ಎಲ್ಲರಿಗೂ ಹೇಳಿ ಹೋದಳು. ನನ್ನನ್ನು ಸಾಹೇಬರು ವಳಕಮದಿನ್ನಿಗೆ ಕಳಿಸಿದರು. ಹೋಗುವ ಮುಂಚೆ ಆ ಒಲೆಯ ವಿಷಯ ಸಾಹೇಬರಿಗೆ ಹೇಳಿದ್ದೆ, ಮುದುಕಿ ಬಂದ ಮೇಲೆ ಹಚ್ಚುತ್ತಾರೆ ಎಂದೂ ಹೇಳಿದ್ದೆ. ಅವರು ಹೂಂ ಎಂದಿದ್ದರು.

ಅಷ್ಟರಲ್ಲಿ ಮೇಲಿನಿಂದ ದೊಡ್ಡವರು ಬಂದರು. ಅವರಿಗೆ ಅಂಗಳದ ಒಲೆ ತೋರಿಸಬೇಕು. ಸಾಹೇಬರು ಜೀಪಿನಲ್ಲಿ ಅವರನ್ನು ನೇರ ಹನುಮವ್ವನ ಮನೆಗೆ ಕರೆದುಕೊಂಡು ಹೋದರು. ಗಂಡಸರೂ ಈರಮ್ಮನೂ ಹೊಲದಲ್ಲಿದ್ದರು. ಶಿವಮ್ಮ ಒಬ್ಬಳೇ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು. "ಉರಿಸಿ ತೋರಿಸಮ್ಮ" ಎಂದರು. ಅತ್ತೆ ಇಲ್ಲ ಎಂದಳಂತೆ. "ಅತ್ತೆ ಬಂದರೆ ನಾನು ಹೇಳ್ತೀನಿ" ಎಂದರಂತೆ. ಅಷ್ಟು ಜನ ದೊಡ್ಡ ಮನುಷ್ಯರ ಎದುರು ಆ ಹುಡುಗಿ ಇನ್ನೇನು ಹೇಳಬೇಕು? ಕಡ್ಡಿ ಗೀರಿ ಹಚ್ಚಿದಳು. ಹೊಗೆ ನೆಟ್ಟಗೆ ಪೈಪಿನಲ್ಲಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿ, ಫೋಟೋ ತೆಗೆದು, ಇನ್ನು ಇದರಲ್ಲೇ ಅಡಿಗೆ ಮಾಡು ಎಂದು ಹೇಳಿ ಹೋದರು.

ಅವಳು ಮಾಡಿದಳು. "ಸುಳ್ಳು ಯಾಕ ಹೇಳ್ಲಿ ಅಕ್ಕಾರ," ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು, "ಉಸುರು ಸಲೀಸಾತು. ಮತ್ತ ಒಳಗ ಹೋಗಾಕ ಕಾಲು ಏಳವಲ್ವು." ಈರಮ್ಮ ಒಳಗಿನ ಒಲೆಯಲ್ಲಿ ಸ್ನಾನದ ನೀರು, ಚಹಾ ಕಾಯಿಸಿಕೊಂಡಳು. ಅದರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಊರು ಅಂಗಳದ ಹೊಗೆಯನ್ನೂ ನೋಡಿತು, ಬೆಳಕಿಂಡಿಯ ಹೊಗೆಯನ್ನೂ ನೋಡಿತು. ಹನುಮವ್ವ ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಬಾವಿ ಕಟ್ಟೆಯಲ್ಲಿ ಒಬ್ಬಳು ಕೇಳಿದಳು: "ಯಾವಾಗ ಬ್ಯಾರೆ ಆದ್ರಿ ಹನುಮವ್ವ?"

ನಾನು ವಳಕಮದಿನ್ನಿಯಿಂದ ಬಂದು ಸುದ್ದಿ ಕೇಳಿ ಓಡಿದೆ. ಪಡಸಾಲೆಯಲ್ಲಿ ಜೋಳದ ಚೀಲಗಳು ಎರಡು ಕಡೆ ನಿಂತಿದ್ದವು. ಬಸಪ್ಪನೇ ಇಳಿಸಿ ಇಟ್ಟಿದ್ದ. ನಾನು ಸಾಹೇಬರು ಬಂದದ್ದು, ಫೋಟೋ ತೆಗೆದದ್ದು, ಶಿವಮ್ಮನ ತಪ್ಪಿಲ್ಲದ್ದು ಎಲ್ಲ ಹೇಳಿದೆ.

"ನೀ ಸುಳ್ಳು ಹೇಳ್ತಿ ಅನ್ನಂಗಿಲ್ಲ ತಂಗಿ. ಬೆಂಕಿ ಹೊತ್ತಿತೋ ಇಲ್ಲೋ, ಅಷ್ಟು ಹೇಳು" ಎಂದಳು ಹನುಮವ್ವ.

ಹೊತ್ತಿತು ಎಂದೆ. ಈಗಲಾದರೂ ನೀವು ಕೆಂಡ ತಂದು ಹಾಕಿ, ಒಳಗಿನ ಒಲೆ ಒಡೆಯಿರಿ, ತಡವಾದರೂ ಅಡ್ಡಿಯಿಲ್ಲ ಎಂದು ಬೇಡಿಕೊಂಡೆ. ಅವಳು ಮಗನ ಕಡೆ ನೋಡಿದಳು.

"ಊರೆಲ್ಲ ಮಾತಾಡಾಕತ್ತೈತಿ. ಜ್ವಾಳ ಪಾಲಾಗ್ಯಾವ. ಇನ್ನೇನು ಕೂಡೂದೈತಿ ಯವ್ವಾ? ನಾ ಅಂತೂ ಬಳಗಾನೂರಿಗೆ ಹೋಗಿ ಹೊಲ ಹಿಡಿಯಾಂವ" ಎಂದ ಬಸಪ್ಪ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ದಿನದಿಂದ ಕಾದಿದ್ದ ಬಸ್ಸು ಸಿಕ್ಕವನ ಹಾಗೆ ನಿಂತಿದ್ದ. ಮಲ್ಲಪ್ಪ ತಲೆ ತಗ್ಗಿಸಿ ಕೂತಿದ್ದ.

ಆಗ ಶಿವಮ್ಮ ಹಿತ್ತಲಿಗೆ ಹೋಗಿ ಹಾರೆ ತಂದಳು. "ಇದನ್ನ ಒಡದ ಬಿಡ್ತೀನಿ ಅತ್ತಿ. ಇದು ಬಂದ ಮ್ಯಾಲ ಅಲ್ಲೇನು ಇಷ್ಟೆಲ್ಲ ಆಗಿದ್ದು? ನನಗ ಕೆಮ್ಮು ಬಂದ್ರ ಬರ್ಲಿ" ಎಂದು ಅಂಗಳದ ಒಲೆಯ ಮೇಲೆ ಹಾರೆ ಎತ್ತಿದಳು. ಹನುಮವ್ವ ಎದ್ದು ಹೋಗಿ ಅವಳ ಕೈ ಹಿಡಿದಳು.

"ಸುಮ್ನ ಕುಂದ್ರು. ನಾ ಲಿಂಗಸುಗೂರಿಗೆ ಹೋಗೂಮುಂದ ನೀ ಗ್ವಾಡಿಗೆ ಒರಗಿ ಕುಂತು ನಿದ್ದಿ ಮಾಡ್ತಿದ್ದಿ. ನಿನ್ನೆ ರಾತ್ರಿ ನೆಲಕ್ಕ ಬೆನ್ನು ಹಚ್ಚಿ ಮಲಗೀದಿ. ನಾ ನೋಡೀನಿ. ಇರ್ಲಿ ಈ ಒಲಿ."

ಅದನ್ನು ಒಡೆದಿದ್ದರೆ ಆ ಮನೆ ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಯುತ್ತಿತ್ತು ಎಂದು ಹನುಮವ್ವ ನಂಬಿದ್ದಳು. ನಂಬಿಯೂ ಕೈ ಹಿಡಿದಳು. 

ಸಾಹೇಬರಿಗೆ ಹೇಳಿದೆ. ಅವರು ಬಂದರು ಕೂಡ, ಅದನ್ನು ಮರೆಮಾಚಬಾರದು. ಊರ ಹಿರಿಯರ ಎದುರು ನಿಂತು, "ತಪ್ಪು ನನ್ನದು, ಆ ಹೆಣ್ಣುಮಗಳದಲ್ಲ. ಒಂದು ಬೆಂಕಿ ಕಡ್ಡಿಯಿಂದ ಮನೆ ಒಡೆಯೋದು ಅಂದರೇನು, ದಯವಿಟ್ಟು ಯೋಚನೆ ಮಾಡಿ" ಎಂದರು. ಹಿರಿಯರು ಚಹಾ ಕೊಟ್ಟು ಕಳಿಸಿದರು. ದಾರಿಯಲ್ಲಿ ಸಾಹೇಬರು ಜೀಪಿನ ಕಿಟಕಿಯಿಂದ ಹೊರಗೇ ನೋಡುತ್ತಿದ್ದರು. "ನನಗೆ ಗೊತ್ತಾಗಲಿಲ್ಲ" ಎಂದು ಒಮ್ಮೆ ಅಂದರು. ಶಿವಮ್ಮ ಒಲೆ ಹಚ್ಚುತ್ತಿರುವ ಆ ಫೋಟೋ ಕಚೇರಿಯ ಗೋಡೆಯ ಮೇಲೆ ಬಹಳ ಕಾಲ ಇತ್ತು. ಅವರಿಗೆ ವರ್ಗವಾದ ಮೇಲೂ ಇತ್ತು. ನಾನು ಅದಕ್ಕೆ ಬೆನ್ನು ಮಾಡಿ ಕೂರುವಂತೆ ನನ್ನ ಕುರ್ಚಿ ಹಾಕಿಕೊಂಡಿದ್ದೆ.

ಆಮೇಲೆ ಆ ಊರಿಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ಹೋಗದೆ ಇರಲೂ ಆಗುತ್ತಿರಲಿಲ್ಲ. ಬಸಪ್ಪ ಬಳಗಾನೂರು ಕಡೆ ಹೊಲ ಹಿಡಿದ, ವಾರಕ್ಕೊಮ್ಮೆ ಬರುತ್ತಿದ್ದ. ಈರಮ್ಮ ಊರಲ್ಲೇ ಉಳಿದಳು, ಬೆಳಗಾಗುತ್ತಲೇ ಅವಳ ಪಾಲಿನ ಹೊಲಕ್ಕೆ ಹೋಗಬೇಕು. ಒಳಗಿನ ಅಡಿಗೆಮನೆ ಬಸಪ್ಪನ ಪಾಲಿಗೆ ಹೋಗಿತ್ತು, ಹನುಮವ್ವನೂ ಹಿರಿಯ ಮಗನ ಪಾಲಿಗೇ ಬಂದಿದ್ದಳು.

"ನಮ್ಮತ್ತಿ ನನ್ನ ಕೈಯಾಗ ಕೊಟ್ಟ ಒಲಿ ಒಳಗೈತಿ. ಅದನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?" ಎಂದಿದ್ದಳು. ಹಾಗಾದರೆ ಒಳಗಿನ ಒಲೆಯ ಮುಂದೆ ಈಗ ಯಾರು ಕೂರುತ್ತಾರೆ ಎಂದು ನಾನು ಯೋಚಿಸಿರಲಿಲ್ಲ, ಯಾರೂ ಯೋಚಿಸಿರಲಿಲ್ಲ. ಒಂದು ದಿನ ಹೋದಾಗ ನೋಡಿದೆ. ಆ ಕಿಟಕಿ ಇಲ್ಲದ ಕೋಣೆಯಲ್ಲಿ, ಶಿವಮ್ಮ ಕೂರುತ್ತಿದ್ದ ಜಾಗದಲ್ಲಿ, ಹನುಮವ್ವ ಕೂತು ಊದುಗೊಳವೆ ಊದುತ್ತಿದ್ದಳು. ಆ ವಯಸ್ಸಿನಲ್ಲಿ ಅಡಿಗೆ ಮತ್ತೆ ಅವಳ ಪಾಲಿಗೆ ಬಂದಿತ್ತು. ಕಟ್ಟಿಗೆ ಉಳಿಸಲು ಹಾಕಿದ ಒಲೆಯಿಂದಾಗಿ ಆ ಮನೆಯಲ್ಲಿ ಎರಡು ಒಲೆಗೆ ಕಟ್ಟಿಗೆ ಬೇಕಾಗಿತ್ತು. ಹೊಗೆಯೂ ಮನೆ ಬಿಟ್ಟು ಹೋಗಿರಲಿಲ್ಲ. ಸೊಸೆಯ ಎದೆಯಿಂದ ಎದ್ದು ಅತ್ತೆಯ ಎದೆಗೆ ಹೋಗಿ ಕೂತಿತ್ತು.

ಮತ್ತೆ ಪೈಪಿನ ಮಾತೆತ್ತಿದೆ. ಮಾಳಿಗೆ ಒಡೆಯಲು ಆಗಲೂ ಬಿಡಲಿಲ್ಲ. "ನನಗ ಇನ್ನೆಷ್ಟು ದಿನಾ ಐತಿ, ಬಿಡು" ಎಂದಳು. ಹಾಗಾದರೆ ಅಂಗಳದ ಒಲೆಯಲ್ಲಿ ನಿಮ್ಮದೂ ಒಂದು ತುತ್ತು ಬೇಯಲಿ ಎಂದೆ. ಅವಳು ನನ್ನನ್ನು ಸಣ್ಣ ಮಗುವನ್ನು ನೋಡಿದಂತೆ ನೋಡಿದಳು. ಪಾಲಾದ ಮೇಲೆ ತಾಯಿ ಒಬ್ಬ ಮಗನ ಅನ್ನ ತಿಂದು ಇನ್ನೊಬ್ಬನ ಒಲೆಗೆ ಕೈ ಚಾಚಿದರೆ, ಹಿರಿಯ ಸೊಸೆ ಉಪವಾಸ ಕೆಡವಿದಳು ಎಂದು ಊರು ಆಡುತ್ತದೆ. ಈರಮ್ಮನ ಮೇಲೆ ಆ ಮಾತು ಬರುವುದು ಹನುಮವ್ವನಿಗೆ ಬೇಡವಾಗಿತ್ತು. ಇಬ್ಬರು ಸೊಸೆಯರ ಮರ್ಯಾದೆಯನ್ನೂ ಕಾಯುತ್ತಾ ಅವಳು ಹೊಗೆ ಕುಡಿದಳು.

ಇನ್ನೊಂದು ಸಲ ಮಧ್ಯಾಹ್ನ ಹೋದಾಗ ಅವಳು ಪಡಸಾಲೆಯ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ನಾನು ಎಬ್ಬಿಸಲಿಲ್ಲ. ಅಂಗಳದಲ್ಲಿ ಶಿವಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ರಾತ್ರಿ ಕೆಮ್ಮು ಕೇಳ್ತೈತಿ ಅಕ್ಕಾರ. ನಂದ ಕೆಮ್ಮು ಅನ್ನಿಸಿ ಎಚ್ಚರಾಗ್ತೈತಿ. ಎದ್ದು ಕುಂತು ನೋಡ್ತೀನಿ, ನನ್ನ ಎದಿ ಹಗೂರ ಇರ್ತೈತಿ."

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಕೆಲಸದ ರೀತಿ ಬದಲಾಗುತ್ತಾ ಹೋಯಿತು. ಮಣ್ಣಿನ ಒಲೆ ಹೋಗಿ ತಗಡಿನ ಒಲೆ ಬಂತು, ಅದನ್ನು ಹಂಚಿದರೆ ಮುಗಿಯಿತು, ಕೂತು ಮಣ್ಣು ತುಳಿಯುವುದು ತಪ್ಪಿತು. ಸಗಣಿ ಗ್ಯಾಸು ಎಂದರು. ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಮನೆಗಳಲ್ಲಿ ಸಗಣಿ ಎಲ್ಲಿಂದ ತರಬೇಕು? ಕಾಲುವೆ ಕಡೆ ಬಚ್ಚಲ ನೀರಿನ ತೋಟ ಎಂದರೆ, "ನೀರಿಗೇನು ಬರ ಬಂದೈತೇನ್ರಿ ಇಲ್ಲಿ?" ಎಂದು ನಗುತ್ತಿದ್ದರು. ಮಸ್ಕಿ ಕಡೆಯ ಹೆಣ್ಣುಮಕ್ಕಳು ಮಾತ್ರ ಆ ನೀರನ್ನು ಗಿಡಕ್ಕೆ ತಿರುಗಿಸಿಕೊಂಡು ಇವತ್ತಿಗೂ ತೊಂಡೆಕಾಯಿ ಕೀಳುತ್ತಾರೆ. ಕೊನೆಗೆ ಸಿಲಿಂಡರ್ ಬಂತು, ಒಲಿ ಅಕ್ಕನ ಕೆಲಸವೇ ಮುಗಿಯಿತು. ಒಳ್ಳೆಯದೇ ಆಯಿತು, ನನಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಮಾತ್ರ ಅನಿಸುತ್ತದೆ. ಹನುಮವ್ವನ ಮನೆಗೂ ಬಂತು, ಒಳಗೊಂದು, ಹೊರಗೊಂದು. ಆ ಕೋಣೆಯ ಹೊಗೆ ಹೋಯಿತು. ಅವಳ ಕೆಮ್ಮು ಹೋಗಲಿಲ್ಲ.

ನಾನು ನಿವೃತ್ತಳಾದ ಮೇಲೆ ಒಂದು ದಿನ ಮಲ್ಲಪ್ಪ ಫೋನು ಮಾಡಿದ. "ಯವ್ವ ಹೋದ್ಲರಿ ಅಕ್ಕಾರ" ಎಂದ. ಹೋದೆ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಇಬ್ಬರೂ ಅವಳ ಮಕ್ಕಳೇ, ಆದ್ದರಿಂದ ಎರಡೂ ಒಲೆ ಆರಿದ್ದವು. ನೆರೆಯವರು ಒಂದು ಬುಟ್ಟಿ ರೊಟ್ಟಿ, ಒಂದು ಬೋಗುಣಿ ಬೇಳೆ ತಂದಿಟ್ಟರು. ಬಸಪ್ಪ, ಮಲ್ಲಪ್ಪ, ಈರಮ್ಮ, ಶಿವಮ್ಮ, ಮಕ್ಕಳು ಎಲ್ಲರೂ ಪಡಸಾಲೆಯಲ್ಲಿ ಸುತ್ತ ಕೂತು ಒಂದೇ ಬೋಗುಣಿಯಿಂದ ಬಡಿಸಿಕೊಂಡು ಉಂಡರು. ಈರಮ್ಮ ತನ್ನ ರೊಟ್ಟಿ ಮುರಿದು ಅರ್ಧ ಶಿವಮ್ಮನ ಗಂಗಾಳಕ್ಕೆ ಹಾಕಿದಳು. ಹಾಗೆ ಅವರು ಕೂಡಿ ಉಂಡದ್ದನ್ನು ನೋಡಲು ಹನುಮವ್ವ ಇರಲಿಲ್ಲ.

ದಿನಕರ್ಮ ಮುಗಿದ ಮೇಲೆ ಮತ್ತೆ ಹೋದೆ. ಮನಸ್ಸಿನಲ್ಲಿ ಏನೋ ಆಸೆ ಇತ್ತು. ಅವರು ಕೂಡುತ್ತಾರೆ ಎಂದಲ್ಲ, ಅಷ್ಟು ಹುಚ್ಚಿ ನಾನಲ್ಲ. ಆದರೂ ಹೋದೆ. ಒಳಗೆ ಈರಮ್ಮ ಗ್ಯಾಸಿನ ಮೇಲೆ ಅನ್ನಕ್ಕಿಟ್ಟಿದ್ದಳು. ಹಳೆಯ ಒಲೆಯ ಮೇಲೆ ಹಲಗೆ ಹಾಸಿ ಡಬ್ಬಿ ಜೋಡಿಸಿದ್ದಳು. ಅಂಗಳದಲ್ಲಿ ನಾನು ಹಾಕಿದ ಒಲೆ ಬೇವಿನ ಕೆಳಗೆ ಹಾಗೆಯೇ ಇತ್ತು. ಶಿವಮ್ಮ ಅದನ್ನು ಪ್ರತಿ ವಾರ ಸಾರಿಸುತ್ತಾಳೆ, ಸ್ನಾನದ ನೀರು ಕಾಯಿಸುತ್ತಾಳೆ. ಅವತ್ತು ಅದು ತಣ್ಣಗಿತ್ತು. ಅವಳು ಅದರ ಪಕ್ಕ ಮೊಣಕಾಲು ಮಡಚಿ ಕೂತಿದ್ದಳು. ನಾನೂ ಹೋಗಿ ಕೂತೆ.

"ದಿನಕರ್ಮ ಮುಗಿದ ಮ್ಯಾಲ ಒಲಿ ಹಚ್ಚಬೇಕಲ್ರಿ ಅಕ್ಕಾರ" ಎಂದಳು. "ಒಳಗ ಈರಮ್ಮಕ್ಕನ ಹತ್ರ ಹೋಗಿ ಕೆಂಡ ಕೇಳಿದೆ. ಅತ್ತಿ ತರ್ತೀನಿ ಅಂದಿದ್ಲಲ್ಲ, ಅವತ್ತು ತರಾಕ ಆಗಲಿಲ್ಲ, ಈಗರ ನಾ ತರೋನು ಅಂತ ಹೋಗಿದ್ದೆ. ಅಕ್ಕ ಒಂದು ಮಾತೂ ಇಲ್ಲ ಅನ್ನಲಿಲ್ಲ. ಡಬ್ಬಿ ಎಲ್ಲಾ ಇಳಿಸಿ, ಹಲಗಿ ತಗದು, ಒಲಿಯಾಗ ಕೈ ಹಾಕಿ ನೋಡಿದ್ಲು."

ತಣ್ಣಗಿದ್ದ ಒಲೆಯ ಅಂಚಿನ ಮೇಲೆ ಕೈಯಾಡಿಸುತ್ತಲೇ ಮಾತು ಮುಂದುವರಿಸಿದಳು.

"ಗ್ಯಾಸ್ ಬಂದ ಮ್ಯಾಲ ಅದರಾಗ ಯಾರು ಬೆಂಕಿ ಹಾಕ್ಯಾರ್ರಿ? ಇಬ್ರೂ ಅಲ್ಲೇ ಕುಂತು ಅತ್ತಿವಿ."

ಉಸಿರು ಎಳೆದುಕೊಳ್ಳದೆ, ಕೆಮ್ಮದೆ, ಅಷ್ಟು ಉದ್ದದ ಮಾತನ್ನು ಅವಳು ಒಂದೇ ದಮ್ಮಿನಲ್ಲಿ ಆಡಿದ್ದನ್ನು ನಾನು ಗಮನಿಸಿದೆ. ನನ್ನ ಇಡೀ ನೌಕರಿಯಲ್ಲಿ ನಾನು ಕೊಟ್ಟದ್ದು ಆ ಉಸಿರೊಂದೇ. ಅದನ್ನು ಕೊಡುವಾಗ ಆ ಮನೆಯಿಂದ ಏನು ಹೋಯಿತು ಎಂಬುದೂ ನನಗೆ ಗೊತ್ತು.

ಶಿವಮ್ಮ ಕಣ್ಣೊರೆಸಿಕೊಂಡು ಎದ್ದಳು. "ಕುಂದ್ರಿ ಅಕ್ಕಾರ, ಚಹಾ ಕುಡದು ಹೋಗೀರಂತ" ಎಂದು ಹೇಳಿ ಛಪ್ಪರದ ಮೂಲೆಯಲ್ಲಿದ್ದ ಗ್ಯಾಸ್ ಹಚ್ಚಿದಳು.